ರಾಯಚೂರಲ್ಲಿ ಒಣಗಿದ ತಟ್ಟೆ ಕುಂದಾಪುರದಲ್ಲಿ ಏಕೆ ಒಣಗಲಿಲ್ಲ?

ಓದುಗರ ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ರಾಯಚೂರು ಜಿಲ್ಲೆಯಲ್ಲಿದ್ದಾಗ ತಟ್ಟೆಗೆ ಒಂದಿಷ್ಟು ನೀರು ಹಾಕಿ ಕಿಟಕಿಯಲ್ಲಿಟ್ಟರೆ ಏಪ್ರಿಲ್‌ನಲ್ಲಿ ಸಂಜೆಯೊಳಗೆ ಒಣಗಿ ಹೋಗುತ್ತಿತ್ತು. ವರ್ಗವಾಗಿ ಕುಂದಾಪುರದ ಕಡೆ ಬಂದ ಮೇಲೆ ಜುಲೈನಲ್ಲಿ ಅದೇ ಪ್ರಯೋಗ ಮಾಡಿದೆ. ಮೂರು ದಿನ ಕಳೆದರೂ ನೀರು ಹಾಗೇ ಇತ್ತು. "100 ಡಿಗ್ರಿಗೆ ಕುದಿದರೆ ತಾನೇ ಆವಿ ಆಗೋದು, ಇಲ್ಲಿ ಬಿಸಿಲೇ ಇಲ್ಲವಲ್ಲ ಟೀಚರ್" ಎನ್ನುತ್ತಾರೆ ಮಕ್ಕಳು. ತಣ್ಣೀರಿನ ಬಾಟಲಿಯ ಹೊರಗೆ ಕೂರುವ ಹನಿ ಒಳಗಿಂದ ಸೋರಿದ್ದೇ ಎಂದು ಅರ್ಧ ತರಗತಿ ವಾದಿಸುತ್ತದೆ. ಹತ್ತು ವರ್ಷದ ಮಕ್ಕಳಿಗೆ ಇದನ್ನು ಸರಿಯಾಗಿ ಹೇಗೆ ಹೇಳುವುದು, ಯಾವ ಪ್ರಯೋಗ ಮಾಡಿಸುವುದು?

ಉತ್ತರ: ನಿಮ್ಮ ಪ್ರಯೋಗ ಕೆಟ್ಟಿಲ್ಲ. ಕುಂದಾಪುರದ ಜುಲೈ ಹೇಗಿರುತ್ತದೋ ಅದನ್ನೇ ತಟ್ಟೆ ತೋರಿಸಿದೆ. ಕೊರತೆ ಇರುವುದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಸಾಲಿನಲ್ಲಿ: "ಸೂರ್ಯನ ಶಾಖಕ್ಕೆ ನೀರು ಆವಿಯಾಗಿ ಮೇಲೆ ಹೋಗುತ್ತದೆ, ಅಲ್ಲಿ ತಣ್ಣಗಾಗಿ ಮತ್ತೆ ನೀರಾಗುತ್ತದೆ." ಇದರಲ್ಲಿ ಹೋಗುವುದು ಒಂದು ಕಡೆ, ಬರುವುದು ಇನ್ನೊಂದು ಕಡೆ, ಅದೂ ಬೇರೆ ಬೇರೆ ಹೊತ್ತಿನಲ್ಲಿ. ನಿಜಕ್ಕೂ ನೀರಿನ ಮೇಲ್ಮೈ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಎರಡೂ ಒಟ್ಟಿಗೇ ನಡೆಯುತ್ತವೆ. ಪ್ರತಿ ಕ್ಷಣವೂ ಒಂದಷ್ಟು ನೀರು ಗಾಳಿಗೆ ಹೋಗುತ್ತದೆ, ಗಾಳಿಯಿಂದ ಒಂದಷ್ಟು ವಾಪಸು ಬರುತ್ತದೆ. ಹೋಗುವುದು ಹೆಚ್ಚಾದರೆ ತಟ್ಟೆ ಒಣಗಿತು ಎನ್ನುತ್ತೇವೆ, ಬರುವುದು ಹೆಚ್ಚಾದರೆ ಹನಿ ಕೂತಿತು ಎನ್ನುತ್ತೇವೆ. ಬಾಷ್ಪೀಕರಣ, ಸಾಂದ್ರೀಕರಣ ಎಂಬ ಎರಡು ಪಾಠಗಳನ್ನು ಈ ಒಂದೇ ಲೆಕ್ಕದಲ್ಲಿ ಹೇಳಬಹುದು. ಹೇಳಿದರೆ ಮಕ್ಕಳ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಹೋಗುವುದು ಏನು, ಬರುವುದು ಏನು? ನೀರಿನ ಅಣುಗಳು. ಡ್ರಾಪರಿನಿಂದ ಬೀಳುವ ಒಂದು ಹನಿ ಸುಮಾರು 0.05 ಮಿಲಿಲೀಟರ್, ಇಪ್ಪತ್ತು ಹನಿ ಸೇರಿದರೆ ಒಂದು ಮಿಲಿಲೀಟರ್. ಆ ಒಂದು ಹನಿಯಲ್ಲೇ ಸರಿಸುಮಾರು 17ರ ಮುಂದೆ 20 ಸೊನ್ನೆ ಬರೆದಷ್ಟು ಅಣುಗಳಿರುತ್ತವೆ. ಬೋರ್ಡಿನ ಮೇಲೆ ಆ ಸೊನ್ನೆಗಳನ್ನು ಮಕ್ಕಳ ಕೈಯಲ್ಲೇ ಬರೆಸಿ. ಈ ಅಣುಗಳು ಸುಮ್ಮನಿರುವುದಿಲ್ಲ, ಒಂದನ್ನೊಂದು ತಳ್ಳುತ್ತ ಎಳೆಯುತ್ತ ಓಡಾಡುತ್ತವೆ. ಎಲ್ಲವಕ್ಕೂ ಒಂದೇ ವೇಗವಿಲ್ಲ. ನೀರು 27 ಡಿಗ್ರಿ ಇದೆ ಎಂದರೆ ಅದು ಸರಾಸರಿಯ ಮಾತು. ಅದರಲ್ಲಿ ಮಂದವಾದವೂ ಇವೆ, ಬಹಳ ಚುರುಕಾದವೂ ಇವೆ. ಮೇಲ್ಮೈಯಲ್ಲಿರುವ ಚುರುಕಿನ ಅಣು ಪಕ್ಕದವುಗಳ ಎಳೆತ ಬಿಡಿಸಿಕೊಂಡು ಗಾಳಿಗೆ ಹಾರುತ್ತದೆ. ಅದಕ್ಕೆ 100 ಡಿಗ್ರಿ ಬೇಕಿಲ್ಲ. ಫ್ರಿಜ್‌ನೊಳಗೆ ತೆರೆದಿಟ್ಟ ಕೊತ್ತಂಬರಿ ಸೊಪ್ಪು ಬಾಡುವುದೂ ಹೀಗೆ ನೀರು ಹಾರಿ ಹೋಗಿಯೇ.

ಇದನ್ನು ಮಾತಿನಲ್ಲಿ ಹೇಳುವ ಬದಲು ಅಂಗಳದಲ್ಲಿ, ಮಳೆಯಿದ್ದರೆ ಜಗಲಿಯಲ್ಲಿ, ಆಡಿಸಿ. ಬೇಕಾಗುವುದು ಸೀಮೆಸುಣ್ಣ ಮತ್ತು ಒಂದು ಬದಿ ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದ ಹುಣಸೆ ಬೀಜ, ಮಗುವಿಗೆ ಮೂರರಂತೆ. 32 ಮಕ್ಕಳಿದ್ದರೆ ಲೆಕ್ಕ ಸುಲಭ. ನೆಲದ ಮೇಲೆ ದೊಡ್ಡ ಚೌಕ ಬರೆಯಿರಿ. ಒಳಗಿರುವವರು ನೀರು, ಹೊರಗಿರುವವರು ಆವಿ. ಮೊದಲು ಎಲ್ಲರೂ ಒಳಗೆ ನಿಲ್ಲಲಿ. ನೀವು ಚಪ್ಪಾಳೆ ತಟ್ಟಿದಾಗ ಪ್ರತಿ ಮಗು ಎರಡು ಬೀಜ ಎಸೆಯಬೇಕು. ಎರಡೂ ಬಿಳಿ ಬಿದ್ದರೆ ಗೆರೆ ದಾಟಬೇಕು: ಒಳಗಿದ್ದವರು ಹೊರಗೆ, ಹೊರಗಿದ್ದವರು ಒಳಗೆ. ನಾಲ್ವರಲ್ಲಿ ಒಬ್ಬರಿಗೆ ಎರಡೂ ಬಿಳಿ ಬೀಳುತ್ತದೆ ಎಂದು ಹಿಡಿದರೆ ಮೊದಲ ಸುತ್ತಿಗೆ 8 ಮಂದಿ ಹೊರಟು ಒಳಗೆ 24 ಉಳಿಯುತ್ತಾರೆ. ಎರಡನೇ ಸುತ್ತಿಗೆ 6 ಮಂದಿ ಹೊರಗೆ ಹೋಗಿ 2 ಮಂದಿ ಒಳಗೆ ಬರುತ್ತಾರೆ, ಒಳಗೆ 20. ಆಮೇಲೆ 18, ಆಮೇಲೆ 17. ಐದಾರು ಸುತ್ತಿನ ನಂತರ ಒಳಗೂ ಹೊರಗೂ ಹದಿನಾರರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೀಜ ಕೇಳಿದಂತೆ ಬೀಳದ ಕಾರಣ ಒಂದೆರಡು ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಸುತ್ತು ಸುತ್ತಿಗೂ ಎಣಿಸಿ ಬೋರ್ಡಿನ ಮೇಲೆ ಬರೆಯಲು ಒಬ್ಬರನ್ನು ನಿಲ್ಲಿಸಿ.

ಈಗ ಆಟ ನಿಲ್ಲಿಸಿ ಕೇಳಿ: ದಾಟುವುದು ನಿಂತಿದೆಯೇ? ಇಲ್ಲ, ಪ್ರತಿ ಸುತ್ತಿಗೂ ನಾಲ್ವರು ಹೋಗುತ್ತಿದ್ದಾರೆ, ನಾಲ್ವರು ಬರುತ್ತಿದ್ದಾರೆ. ನಿಂತಿರುವುದು ಎಣಿಕೆ ಮಾತ್ರ. ಮುಚ್ಚಳ ಹಾಕಿದ ಬಾಟಲಿಯಲ್ಲಿ ನೀರು ಕಡಿಮೆಯಾಗದೆ ಇರುವುದು ಹೀಗೆ. ಇಷ್ಟಾದ ಮೇಲೆ ಬದಲಾವಣೆ ಮಾಡಿ. "ನೀರು ಬಿಸಿಯಾಯಿತು" ಎಂದು ಕೂಗಿ, ಒಳಗಿನವರಿಗೆ ನಿಯಮ ಸಡಿಲಿಸಿ: ಎರಡರಲ್ಲಿ ಒಂದು ಬಿಳಿ ಬಿದ್ದರೂ ಹೊರಡಬಹುದು. ಎಣಿಕೆ ಒಳಗೆ 8, ಹೊರಗೆ 24ಕ್ಕೆ ಹೋಗಿ ಅಲ್ಲಿ ನಿಲ್ಲುತ್ತದೆ. ಆಮೇಲೆ "ತಣ್ಣಗಾಯಿತು" ಎನ್ನಿ: ಒಳಗಿನವರು ಮೂರು ಬೀಜ ಎಸೆಯಬೇಕು, ಮೂರೂ ಬಿಳಿ ಬಿದ್ದರೆ ಮಾತ್ರ ಹೊರಡಬೇಕು, ಹೊರಗಿನವರಿಗೆ ಹಳೆಯ ನಿಯಮವೇ. ಈಗ ಹೊರಗಿದ್ದವರು ದುಡುದುಡು ಒಳಗೆ ಬಂದು ಇಪ್ಪತ್ತರ ಆಚೆಗೆ ಮುಟ್ಟುತ್ತಾರೆ. ಹನಿಗೂಡುವುದು ಎಂದರೆ ಇದೇ. ತಣ್ಣಗಿನ ಬಾಟಲಿ ಆವಿಯನ್ನು ಎಳೆದುಕೊಳ್ಳುವುದಿಲ್ಲ. ಅಲ್ಲಿಗೆ ಬಂದು ಬಿದ್ದ ಅಣುಗಳಿಗೆ ಮತ್ತೆ ಹಾರಿ ಹೋಗುವಷ್ಟು ಚುರುಕು ಉಳಿಯುವುದಿಲ್ಲ, ಅಷ್ಟೆ.

ಇನ್ನೆರಡು ಆಟ ಬಾಕಿ. ರಾಯಚೂರಿನ ಒಣಗಾಳಿಗೆ: ಹೊರಗೆ ಬಂದವರನ್ನು ಅಲ್ಲಿ ನಿಲ್ಲಲು ಬಿಡದೆ ದೂರ ಕಳಿಸಿಬಿಡಿ. ಬರುವವರೇ ಇಲ್ಲದ್ದರಿಂದ ಚೌಕ ಖಾಲಿಯಾಗುತ್ತದೆ. ಕುಂದಾಪುರದ ಜುಲೈಗೆ: ಆಟ ಶುರುವಾಗುವ ಮೊದಲೇ 16 ಮಕ್ಕಳನ್ನು ಹೊರಗೆ ನಿಲ್ಲಿಸಿ. ಚಪ್ಪಾಳೆ ಎಷ್ಟು ತಟ್ಟಿದರೂ ಒಳಗಿನ 16 ಅಲ್ಲಾಡುವುದಿಲ್ಲ. ನಿಮ್ಮ ತಟ್ಟೆ ಮೂರು ದಿನ ತೋರಿಸಿದ್ದು ಇದನ್ನೇ.

ಶಿಕ್ಷಕರಿಗೆ ಮಾತ್ರ ಒಂದು ಲೆಕ್ಕ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಜಾಗದಲ್ಲಿ ಎಷ್ಟು ಆವಿ ಇದ್ದಾಗ ಹೋಗುವುದೂ ಬರುವುದೂ ಸಮ ಆಗುತ್ತದೆ ಎಂಬುದು ಉಷ್ಣತೆಯನ್ನು ಅವಲಂಬಿಸಿದೆ. 10 ಡಿಗ್ರಿಯಲ್ಲಿ ಸುಮಾರು 9.4 ಗ್ರಾಂ, 20ರಲ್ಲಿ 17.3, 30ರಲ್ಲಿ 30.4, 40ರಲ್ಲಿ 51. ಹತ್ತು ಡಿಗ್ರಿ ಏರಿದಾಗಲೆಲ್ಲ ಹೆಚ್ಚುಕಡಿಮೆ ಇಮ್ಮಡಿ. ಜುಲೈನಲ್ಲಿ ನಿಮ್ಮ ಶಾಲೆಯಲ್ಲಿ 27 ಡಿಗ್ರಿ, ಆರ್ದ್ರತೆ ಶೇ. 90 ಎಂದುಕೊಳ್ಳಿ. 27 ಡಿಗ್ರಿಗೆ ಸಮತೋಲ 25.8 ಗ್ರಾಂ, ಗಾಳಿಯಲ್ಲಿ ಈಗಾಗಲೇ 23.2 ಇದೆ. ಉಳಿದ ಅಂತರ ಎರಡೂವರೆ ಗ್ರಾಂ ಚಿಲ್ಲರೆ. ಏಪ್ರಿಲ್ ಮಧ್ಯಾಹ್ನದ ರಾಯಚೂರು 40 ಡಿಗ್ರಿ, ಆರ್ದ್ರತೆ ಶೇ. 20 ಎಂದುಕೊಂಡರೆ ಇರುವುದು 10 ಗ್ರಾಂ, ಅಂತರ 41 ಗ್ರಾಂ. ತಟ್ಟೆ ಒಣಗುವ ವೇಗ ಈ ಅಂತರದ ಕಡೆ ನೋಡುತ್ತದೆಯೇ ಹೊರತು ಬಿಸಿಲು ಇದೆಯೋ ಇಲ್ಲವೋ ಎಂದಲ್ಲ. ಬಿಸಿಲು ನೀರನ್ನು ಬಿಸಿ ಮಾಡಿ ಹೋಗುವವರ ಸಂಖ್ಯೆ ಹೆಚ್ಚಿಸುತ್ತದೆ, ಬೀಸುವ ಗಾಳಿ ಬರುವವರನ್ನು ದೂರ ಒಯ್ಯುತ್ತದೆ. ನೆರಳಲ್ಲಿ ಗಾಳಿಗೆ ಹಾಕಿದ ಬಟ್ಟೆ ಒಣಗುವುದು ಎರಡನೆಯ ಕಾರಣಕ್ಕೆ.

ಗಾಳಿ ಸ್ಪಂಜಿನ ಹಾಗೆ ನೀರನ್ನು ಹೀರಿಕೊಂಡು ತುಂಬಿದಾಗ ಹಿಂಡುತ್ತದೆ ಎಂಬ ಮಾತನ್ನು ದಯವಿಟ್ಟು ಕೈಬಿಡಿ. ಗಾಳಿಯನ್ನೆಲ್ಲ ಹೊರತೆಗೆದ ಜಾಡಿಯಲ್ಲಿ ನೀರಿಟ್ಟರೂ 30 ಡಿಗ್ರಿಯಲ್ಲಿ ಆವಿ ಘನ ಮೀಟರಿಗೆ ಸುಮಾರು 30.4 ಗ್ರಾಮಿಗೇ ನಿಲ್ಲುತ್ತದೆ. ಅಲ್ಲಿ ಹೀರಲು ಸ್ಪಂಜೇ ಇಲ್ಲ.

ಚುರುಕಿನವು ಹೊರಟು ಹೋದರೆ ಉಳಿಯುವುದು ಮಂದವಾದವು. ಆದ್ದರಿಂದ ಉಳಿದ ನೀರು ತಣ್ಣಗಾಗುತ್ತದೆ. ಇದು ಬೀಜದಾಟದಲ್ಲಿ ಕಾಣುವುದಿಲ್ಲ, ಬಾಯಿಮಾತಿನಲ್ಲೇ ಹೇಳಬೇಕು. ಸಾಮಾನ್ಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2,430 ಜೂಲ್ ಶಾಖ ಒಯ್ಯುತ್ತದೆ. ಪಾಠಪುಸ್ತಕದ ಗುಪ್ತೋಷ್ಣ ಎಂದರೆ ಇದು. 1760ರ ದಶಕದಲ್ಲಿ ಗ್ಲಾಸ್ಗೊದ ಜೋಸೆಫ್ ಬ್ಲ್ಯಾಕ್ ಇದನ್ನು ಮೊದಲು ಅಳೆದರು. ಐದು ಲೀಟರ್ ನೀರಿರುವ ಮಣ್ಣಿನ ಮಡಕೆಯ ಮೈಯಿಂದ 100 ಮಿಲಿಲೀಟರ್ ಜಿನುಗಿ ಆವಿಯಾದರೆ, ಹೊರಗಿನ ಶಾಖ ಒಳಗೆ ಬಾರದಿದ್ದರೆ, ಉಳಿದ ನೀರು 12 ಡಿಗ್ರಿಯಷ್ಟು ಇಳಿಯಬೇಕು. ಹೊರಗಿನ ಶಾಖ ಒಳಗೆ ಬಂದೇ ಬರುವುದರಿಂದ ಅಷ್ಟು ಇಳಿಯುವುದಿಲ್ಲ. ಎಷ್ಟು ಆವಿಯಾದರೂ ಇಳಿಯಲಾಗದ ಒಂದು ಮಿತಿಯೂ ಇದೆ: ರಾಯಚೂರಿನ 40 ಡಿಗ್ರಿ, ಶೇ. 20 ಆರ್ದ್ರತೆಗೆ ಅದು 22-23 ಡಿಗ್ರಿ; ಕುಂದಾಪುರದ 27 ಡಿಗ್ರಿ, ಶೇ. 90ಕ್ಕೆ 25-26. ಆದ್ದರಿಂದ ಕರಾವಳಿಯ ಮಳೆಗಾಲದಲ್ಲಿ ಮಡಕೆ ಇಟ್ಟು "ನೋಡಿ, ತಣ್ಣಗಾಯಿತು" ಎಂದು ತೋರಿಸಲು ಹೋಗಬೇಡಿ. ಒಂದು ಡಿಗ್ರಿ ಬೆರಳಿಗೆ ಗೊತ್ತಾಗುವುದಿಲ್ಲ. ಬದಲಿಗೆ ಸ್ಯಾನಿಟೈಸರ್‌ನ ಒಂದು ಹನಿಯನ್ನು ಮಗುವಿನ ಅಂಗೈ ಹಿಂಬದಿಗೆ ಸವರಿ. ಗಾಳಿಯಲ್ಲಿ ಮದ್ಯಸಾರದ ಆವಿ ಮೊದಲೇ ತುಂಬಿಕೊಂಡಿಲ್ಲ, ಹೋಗುವುದಷ್ಟೇ ಇದೆ, ಬರುವುದಿಲ್ಲ. ಹೀಗಾಗಿ ಜುಲೈನಲ್ಲೂ ಚುರ್ರೆಂದು ತಣ್ಣಗಾಗುತ್ತದೆ. ಕೈಯಲ್ಲಿ ಗಾಯವಿರಬಾರದು, ಹತ್ತಿರ ಬೆಂಕಿ ಇರಬಾರದು.

ಕುದಿಯುವ ಮಾತಿಗೆ ಬರೋಣ. ಆವಿಯಾಗುವುದು ಮೇಲ್ಮೈಯ ಕೆಲಸ, ಎಲ್ಲ ಉಷ್ಣತೆಯಲ್ಲೂ ನಡೆಯುತ್ತದೆ. ಕುದಿಯುವಾಗ ನೀರಿನ ಒಡಲಲ್ಲೇ ಆವಿಯ ಗುಳ್ಳೆ ಹುಟ್ಟುತ್ತದೆ. ಆ ಗುಳ್ಳೆಯನ್ನು ಹೊರಗಿನ ಗಾಳಿಯ ಒತ್ತಡ ಹಿಚುಕದಿರಬೇಕಾದರೆ ಒಳಗಿನ ಆವಿಗೂ ಅಷ್ಟೇ ಒತ್ತಡ ಬೇಕು. ಕುಂದಾಪುರದ ಸಮುದ್ರಮಟ್ಟದಲ್ಲಿ ಅದು 100 ಡಿಗ್ರಿಗೆ ಸಿಗುತ್ತದೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಸುಮಾರು 97ಕ್ಕೇ. ಪಾತ್ರೆ ಬಿಸಿಯಾಗತೊಡಗಿದಾಗ ತಳದಲ್ಲಿ ಮೊದಲು ಕಾಣುವ ಸಣ್ಣ ಗುಳ್ಳೆಗಳು ಮಾತ್ರ ಆವಿಯವಲ್ಲ, ನೀರಲ್ಲಿ ಕರಗಿದ್ದ ಗಾಳಿಯವು. ಕೆಟಲ್ ಮೂತಿಯಿಂದ ಏಳುವ ಬಿಳಿ ಹೊಗೆಯೂ ಆವಿಯಲ್ಲ. ಮೂತಿಗೂ ಬಿಳಿ ಶುರುವಾಗುವ ಜಾಗಕ್ಕೂ ನಡುವೆ ಏನೂ ಕಾಣದ ಒಂದು ಸಂದು ಇರುತ್ತದೆ; ಆವಿ ಅಲ್ಲಿದೆ, ಅದಕ್ಕೆ ಬಣ್ಣವಿಲ್ಲ. ಬಿಳಿ ಕಾಣುವುದು ಆಗಲೇ ತಣಿದು ಹನಿಯಾದ ನೀರು. ಇದನ್ನು ದೂರದಿಂದ ತೋರಿಸಿ, ಕೈ ಹಿಡಿಯಲು ಬಿಡಬೇಡಿ. 100 ಡಿಗ್ರಿಯ ಒಂದು ಗ್ರಾಂ ನೀರು ಚರ್ಮದ ಮೇಲೆ ಬಿದ್ದು ಮೈಯ ಉಷ್ಣತೆಗೆ ಇಳಿಯುವಾಗ ಸುಮಾರು 260 ಜೂಲ್ ಕೊಡುತ್ತದೆ. 100 ಡಿಗ್ರಿಯ ಒಂದು ಗ್ರಾಂ ಆವಿ ಹನಿಯಾಗುವಾಗಲೇ 2,257 ಜೂಲ್ ಸುರಿದು, ಆಮೇಲೆ ಆ 260 ಅನ್ನೂ ಕೊಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳವನ್ನು ಮುಖದ ಕಡೆಗಲ್ಲ, ಆಚೆಗೆ ಓರೆಯಾಗುವಂತೆ ತೆಗೆಯಬೇಕು ಎಂದು ಇದೇ ಪಾಠದಲ್ಲಿ ಹೇಳಿಬಿಡಿ.

ಈಗ ಬಾಟಲಿಯ ವಾದ. ಮಕ್ಕಳು "ಒಳಗಿಂದ ಸೋರಿದ್ದು" ಎನ್ನುವುದು ದಡ್ಡತನವಲ್ಲ. ಒಳಗೆ ನೀರಿದೆ, ಹೊರಗೆ ನೀರಿದೆ, ನಡುವೆ ಗೋಡೆಯೊಂದೇ. ನೋಡಿದವರು ಮೊದಲು ಹಾಗೆಯೇ ಅಂದುಕೊಳ್ಳುತ್ತಾರೆ. ಅದನ್ನು ಪರೀಕ್ಷೆಗೆ ಒಡ್ಡಿ. ನೀರಿಗೆ ಬೀಟ್‌ರೂಟ್ ರಸ ಹಾಕಿ, ಹೊರಗಿನ ಹನಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ಬಣ್ಣವಿಲ್ಲ ಎಂದು ತೋರಿಸುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಆದರೆ ಚುರುಕು ಮಕ್ಕಳು "ಬಣ್ಣ ಒಳಗೇ ಉಳಿದು ನೀರು ಮಾತ್ರ ಸೋರಿರಬಹುದು" ಎನ್ನುತ್ತಾರೆ. ಅವರು ಹೇಳುವುದರಲ್ಲೂ ಅರ್ಥವಿದೆ. ಮಣ್ಣಿನ ಹೂಜಿ ಜಿನುಗುವುದನ್ನು ಅವರು ನೋಡಿದ್ದಾರೆ. ಹಾಗಾಗಿ ತೂಕದ ಪ್ರಯೋಗವೇ ಮೇಲು.

ಬಿಗಿ ಮುಚ್ಚಳದ ಒಂದು ಲೀಟರಿನ ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ. ಮೂರನೇ ಒಂದು ಭಾಗ ಐಸ್, ಉಳಿದದ್ದು ನೀರು ತುಂಬಿ ಮುಚ್ಚಿ. ಊರಲ್ಲಿ ಮೀನು ಮಾರುಕಟ್ಟೆ ಇದ್ದರೆ ಐಸ್ ಅಲ್ಲೇ ಸಿಗುತ್ತದೆ, ಕುಡಿಯಲು ಮಾತ್ರ ಬಳಸಬೇಡಿ. ಹೊರಮೈಯನ್ನು ಚೆನ್ನಾಗಿ ಒರೆಸಿ, ಒಣ ತಟ್ಟೆಯ ಮೇಲಿಟ್ಟು, ತಟ್ಟೆ ಸಮೇತ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತಕ್ಷಣ ತೂಗಿ. ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಯಿರಿ. ನಂತರ ಮಕ್ಕಳನ್ನು ಕೇಳಿ: ಹನಿ ಒಳಗಿಂದ ಬಂದದ್ದಾದರೆ ಅರ್ಧ ಗಂಟೆಯ ನಂತರ ತೂಕ ಏನಾಗಬೇಕು, ಹೊರಗಿಂದ ಬಂದದ್ದಾದರೆ ಏನಾಗಬೇಕು? ಒಳಗಿನದೇ ಹೊರಬಂದರೆ ಒಟ್ಟು ತೂಕ ಬದಲಾಗುವುದಿಲ್ಲ. ಗಾಳಿಯಿಂದ ಬಂದರೆ ಏರಬೇಕು. ಉತ್ತರ ಮೊದಲೇ ಬರೆಸಿಕೊಂಡು ಆಮೇಲೆ ತೂಗಿ. ಮಳೆಗಾಲದ ಕರಾವಳಿಯಲ್ಲಿ ಅರ್ಧ ಗಂಟೆಗೆ ಐದು ಗ್ರಾಂ ಆಸುಪಾಸು ಏರುತ್ತದೆ.

ಇಲ್ಲಿ ಕೆಡುವುದು ಹೀಗೆ. ತಟ್ಟೆ ಇಡದಿದ್ದರೆ ಇಳಿದ ಹನಿ ತಕ್ಕಡಿಯೊಳಗೆ ಹೋಗುತ್ತದೆ. ಯಾರೋ ಒಬ್ಬರು ಡಬ್ಬಿಯನ್ನು ಎತ್ತಿ ಅಂಗಿಗೆ ಒರೆಸಿರುತ್ತಾರೆ. ತಕ್ಕಡಿ ಕೆಲವು ನಿಮಿಷಕ್ಕೆ ತಾನಾಗಿ ಆರಿ, ಮತ್ತೆ ಹಚ್ಚಿದಾಗ ಡಬ್ಬಿ ಮೇಲಿದ್ದರೆ ಸೊನ್ನೆ ತೋರಿಸುತ್ತದೆ; ಆದ್ದರಿಂದ ಡಬ್ಬಿ ಇಳಿಸಿ, ತಕ್ಕಡಿ ಹಚ್ಚಿ, ಸೊನ್ನೆ ಬಂದ ಮೇಲೆ ಇಡಿ. ಲೋಟದಂಥ ಸಣ್ಣ ಪಾತ್ರೆಯಲ್ಲಿ ಮೈ ಕಡಿಮೆ, ಏರಿಕೆ ಒಂದೆರಡು ಗ್ರಾಂ ಮಾತ್ರ, ಅದು ತಕ್ಕಡಿಯ ತಪ್ಪಿನೊಳಗೇ ಮುಚ್ಚಿಹೋಗುತ್ತದೆ. ಪಕ್ಕದಲ್ಲಿ ಐಸಿಲ್ಲದ ಬರಿ ನೀರಿನ ಅಂಥದೇ ಡಬ್ಬಿ ಇರಲಿ, ಅದರ ಮೇಲೆ ಹನಿ ಕೂರುವುದಿಲ್ಲ ಎಂಬುದೂ ಸಾಕ್ಷಿಯೇ. ಒಂದು ಸ್ವಾರಸ್ಯ: ಹೊರಗೆ ಐದು ಗ್ರಾಂ ಹನಿಗೂಡುವಾಗ ಬಿಟ್ಟುಕೊಟ್ಟ ಶಾಖ ಒಳಗಿನ 36 ಗ್ರಾಂ ಐಸನ್ನು ಕರಗಿಸಲು ಸಾಕು. ಒಂದೇ ಉಷ್ಣತೆಯ ಎರಡು ಊರುಗಳಲ್ಲಿ ಜಿಗುಟು ಹವೆಯ ಊರಲ್ಲೇ ಐಸ್ ಬೇಗ ಕರಗುತ್ತದೆ.

ಎಷ್ಟು ತಣ್ಣಗಾದರೆ ಹನಿ ಕೂರುತ್ತದೆ? ತೆಳು ಸ್ಟೀಲ್ ಲೋಟದಲ್ಲಿ ಅರ್ಧ ಬಾವಿನೀರು ಹಾಕಿ, ಪ್ರಯೋಗಾಲಯದ ಥರ್ಮಾಮೀಟರ್ ಇಳಿಸಿ. ಜ್ವರ ನೋಡುವುದು ನಡೆಯದು, ಅದರ ಅಳತೆ 35ರಿಂದ 42ರವರೆಗೆ ಮಾತ್ರ. ಕಡಲೆಕಾಯಿ ಗಾತ್ರದ ಐಸ್ ಚೂರನ್ನು ಒಂದೊಂದೇ ಹಾಕಿ ಕಲಕುತ್ತ ಲೋಟದ ಹೊಳಪು ಮಂಕಾಗುವ ಮೊದಲ ಕ್ಷಣದ ಉಷ್ಣತೆ ಬರೆದುಕೊಳ್ಳಿ. ಆಮೇಲೆ ತಾನಾಗಿ ಬಿಸಿಯಾಗಲು ಬಿಟ್ಟು ಮಂಕು ಹೋಗುವ ಉಷ್ಣತೆಯನ್ನೂ ಬರೆಯಿರಿ. ಎರಡರ ಸರಾಸರಿಯೇ ಆ ಹೊತ್ತಿನ ಇಬ್ಬನಿ ಬಿಂದು. ಮಕ್ಕಳು ಬಗ್ಗಿ ನೋಡುವಾಗ ಅವರ ಉಸಿರೇ ಲೋಟಕ್ಕೆ ತಾಗಿ ಮಂಕಾಗಿಸುವುದು ಇಲ್ಲಿ ನಡೆಯುವ ದೊಡ್ಡ ತಪ್ಪು, ಎರಡಡಿ ದೂರ ನಿಲ್ಲಿಸಿ. ಮೇಲಿನ ಲೆಕ್ಕದ ಜುಲೈ ದಿನ ಕುಂದಾಪುರದಲ್ಲಿ 25 ಡಿಗ್ರಿಗೇ ಮಂಕಾಗುತ್ತದೆ, ಎರಡು ಮೂರು ಚೂರು ಐಸ್ ಸಾಕು. ರಾಯಚೂರಿನ ಏಪ್ರಿಲ್ ಮಧ್ಯಾಹ್ನ 13ರವರೆಗೆ ಇಳಿಸಬೇಕು. ಅಲ್ಲಿ ಮಡಕೆಯ ನೀರು ತುಂಬಿದ ಲೋಟ ಎಷ್ಟು ಹೊತ್ತಾದರೂ ಬೆವರುವುದಿಲ್ಲ. ಒಣಗಿಸುವ ಪ್ರಯೋಗಕ್ಕೆ ಅಲ್ಲಿನ ಬೇಸಿಗೆ, ಹನಿಗೂಡಿಸುವುದಕ್ಕೆ ನಿಮ್ಮ ಈಗಿನ ಮಳೆಗಾಲ. ಎರಡನ್ನೂ ಒಂದೇ ವಾರದಲ್ಲಿ ಮುಗಿಸಬೇಕೆಂದು ಪಾಠಯೋಜನೆ ಹೇಳಿದರೆ ಹವೆ ಅದನ್ನು ಕೇಳುವುದಿಲ್ಲ.

ಆದರೂ ಜುಲೈನಲ್ಲೇ ಒಣಗುವುದನ್ನು ತೋರಿಸಬೇಕೆಂದಿದ್ದರೆ ನೀರಿನ ಪದರವನ್ನು ತೆಳ್ಳಗೆ ಮಾಡಿ. ತಟ್ಟೆಯ ಮೂರು ಮಿಲಿಮೀಟರ್ ನೀರು ದಿನಗಟ್ಟಲೆ ಕೂರುತ್ತದೆ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿದ ಸ್ಲೇಟಿನ ಮೇಲಿನ ಪದರ ಅದರ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಮೂರು ಸ್ಲೇಟುಗಳನ್ನು ಒಂದೇ ಬಟ್ಟೆಯಿಂದ ಒರೆಸಿ. ಒಂದಕ್ಕೆ ನೋಟ್‌ಬುಕ್ಕಿನಿಂದ ಗಾಳಿ ಬೀಸಿ, ಒಂದನ್ನು ಸುಮ್ಮನಿಡಿ, ಇನ್ನೊಂದರ ಮೇಲೆ ಸ್ಟೀಲ್ ಬಟ್ಟಲು ಕವುಚಿ. ಗಡಿಯಾರ ನೋಡಿ ಬರೆದರೆ ಬೀಸಿದ್ದು ಮೊದಲು, ಸುಮ್ಮನಿಟ್ಟದ್ದು ಆಮೇಲೆ. ಬಟ್ಟಲಡಿಯದ್ದು ಕೊನೆಯವರೆಗೂ ಒದ್ದೆ.

ಇಬ್ಬನಿಯ ವಿಷಯವನ್ನು ಡಿಸೆಂಬರ್‌ಗೆ ಎತ್ತಿಡಿ. ಮೋಡವಿಲ್ಲದ ರಾತ್ರಿ ಹುಲ್ಲು, ತಗಡು, ಸೈಕಲ್ಲಿನ ಸೀಟು ತಮ್ಮ ಶಾಖವನ್ನು ಆಕಾಶದ ಕಡೆಗೆ ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಇಬ್ಬನಿ ಬಿಂದು ದಾಟಿದೊಡನೆ ಹನಿ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿ ಇದನ್ನು ಖಚಿತಪಡಿಸಿದ್ದು ಉಣ್ಣೆಯ ಉಂಡೆಗಳಿಂದ. ಒಂದೇ ತೂಕದ ಉಂಡೆಗಳಲ್ಲಿ ಒಂದನ್ನು ಕಂಬಗಳ ಮೇಲೆ ನಿಲ್ಲಿಸಿದ ಹಲಗೆಯ ಮೇಲೂ ಇನ್ನೊಂದನ್ನು ಹಲಗೆಯ ಕೆಳಗೂ ಇಟ್ಟು ರಾತ್ರಿ ಕಳೆದ ಮೇಲೆ ತೂಗಿದರು. ಆಕಾಶಕ್ಕೆ ತೆರೆದದ್ದರಲ್ಲಿ ನೀರು ಹೆಚ್ಚಿತ್ತು. ಹತ್ತಿಯಲ್ಲಿ ನಿಮ್ಮ ಮಕ್ಕಳೂ ಮಾಡಬಹುದು, ಬೆಂಚಿನ ಮೇಲೊಂದು ಕೆಳಗೊಂದು. ಬೆಳಗ್ಗೆ ಭತ್ತದ ಗರಿಯ ತುದಿಯಲ್ಲಿ ಮಣಿಯಂತೆ ನಿಲ್ಲುವ ದಪ್ಪ ಹನಿಯನ್ನು ಮಾತ್ರ ಇಬ್ಬನಿ ಎನ್ನಬೇಡಿ. ಅದು ಬೇರು ಒತ್ತಿ ಕಳಿಸಿದ, ಗಿಡದ ಒಳಗಿಂದಲೇ ಬಂದ ನೀರು. ಎಲೆಯ ಮೈ ತುಂಬ ಹರಡಿದ ಸಣ್ಣ ಹನಿಗಳು ಇಬ್ಬನಿ.

ಮೋಡಕ್ಕೆ ಬೇಕಾದದ್ದು ಒಂದು ಲೀಟರಿನ ಮೆತ್ತನೆಯ ಪ್ಲಾಸ್ಟಿಕ್ ಬಾಟಲಿ. ಎರಡು ಚಮಚ ಉಗುರುಬೆಚ್ಚಗಿನ ನೀರು ಹಾಕಿ ಕುಲುಕಿ. ಊದುಬತ್ತಿಯ ಹೊಗೆಯನ್ನು ಬಾಯಿಗೆ ಹಿಡಿದು, ಬಾಟಲಿಯನ್ನು ಒಮ್ಮೆ ಹಿಚುಕಿ ಬಿಟ್ಟು ಒಂದಿಷ್ಟು ಹೊಗೆ ಒಳಗೆಳೆದು ಮುಚ್ಚಳ ಬಿಗಿ ಮಾಡಿ. ಊದುಬತ್ತಿ ನಿಮ್ಮ ಕೈಯಲ್ಲೇ ಇರಲಿ. ಬಲವಾಗಿ ಹಿಚುಕಿ ಹತ್ತು ಎಣಿಸಿ, ಫಕ್ಕನೆ ಬಿಡಿ: ಒಳಗೆ ಬಿಳಿ ಮೋಡ. ಮತ್ತೆ ಹಿಚುಕಿ: ಮಾಯ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಹೊಗೆಯ ಕಣ ಏಕೆ? ಆವಿಯ ಅಣುಗಳು ಬರಿ ಗಾಳಿಯಲ್ಲಿ ತಾವೇ ಕೂಡಿ ಹನಿಯಾಗುವುದು ಬಹಳ ಕಷ್ಟ, ಕೂರಲು ಧೂಳಿನಂಥದ್ದೇನಾದರೂ ಬೇಕು. 1880ರ ದಶಕದಲ್ಲಿ ಸ್ಕಾಟ್ಲೆಂಡಿನ ಜಾನ್ ಏಟ್ಕನ್ ಇದನ್ನು ತೋರಿಸಿಕೊಟ್ಟರು. ಹೊಗೆ ಹೆಚ್ಚಾದರೆ ಕಾಣುವುದು ಮೋಡವೋ ಹೊಗೆಯೋ ತಿಳಿಯದು. ಹಿಚುಕಿದಾಗ ಮಾಯವಾಗದೆ ಉಳಿದದ್ದು ಹೊಗೆ. ನೀರು ತೀರಾ ಬಿಸಿಯಿದ್ದರೆ ಬಾಟಲಿಯ ಗೋಡೆ ಮಂಜಾಗಿ ಒಳಗೇನೂ ಕಾಣದು. ಹಿಂದೆ ಕಪ್ಪು ಬಟ್ಟೆ, ಪಕ್ಕದಿಂದ ಟಾರ್ಚ್ ಇದ್ದರೆ ಕೊನೆಯ ಬೆಂಚಿಗೂ ಕಾಣುತ್ತದೆ.

ಬಾಟಲಿಯಲ್ಲಿ ಕೈ ಮಾಡುವ ಕೆಲಸವನ್ನು ನಿಮ್ಮೂರಲ್ಲಿ ಘಟ್ಟ ಮಾಡುತ್ತದೆ. ಕಡಲಿನಿಂದ ಬೀಸುವ ಗಾಳಿ ಗೋಡೆಯಂಥ ಸಹ್ಯಾದ್ರಿಗೆ ಬಡಿದು ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ, ಆದ್ದರಿಂದ ಹಿಗ್ಗುತ್ತದೆ, ಪ್ರತಿ 100 ಮೀಟರಿಗೆ ಒಂದು ಡಿಗ್ರಿಯಷ್ಟು ತಣಿಯುತ್ತದೆ. 27 ಡಿಗ್ರಿಯ, 25 ಡಿಗ್ರಿ ಇಬ್ಬನಿ ಬಿಂದುವಿನ ಗಾಳಿ 250 ಮೀಟರ್ ಏರುವಷ್ಟರಲ್ಲೇ ಮೋಡವಾಗತೊಡಗುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿ ಮಳೆಗಾಲದಲ್ಲಿ ಸೊಂಟದಿಂದ ಮೇಲೆ ಕಾಣದಿರುವುದಕ್ಕೆ ಕಾರಣ ಇದು. ಅದೇ ಗಾಳಿ ನೀರು ಸುರಿಸಿ, ಘಟ್ಟ ಇಳಿದು ಬಿಸಿಯಾಗಿ ರಾಯಚೂರಿನ ಕಡೆ ಹೋಗುವಾಗ ಅದರಲ್ಲಿ ಮಳೆಗೆ ಉಳಿದಿರುವುದು ಸ್ವಲ್ಪ.

ಕೊನೆಯದು, ಬಹಳ ಶಾಲೆಗಳಲ್ಲಿ ಅರೆಬರೆಯಾಗುವ ಪ್ರಯೋಗ: ಉಪ್ಪುನೀರಿನಿಂದ ಸಿಹಿನೀರು. ಮಳೆ ಮುಗಿದು ಬಿಸಿಲು ಬಂದ ಮೇಲೆ, ನವೆಂಬರ್‌ನಿಂದಾಚೆಗೆ ಮಾಡಿ. ಒಂದೂವರೆ ಅಡಿ ಅಗಲದ ಕಪ್ಪು ಬೋಗುಣಿಗೆ ಒಂದು ಲೀಟರ್ ಸಮುದ್ರದ ನೀರು, ನಡುವೆ ಭಾರದ ಸಣ್ಣ ಬಟ್ಟಲು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಸುತ್ತ ಬಿಗಿಯಾದ ದಾರ, ಹಾಳೆಯ ನಡುವೆ ಬಟ್ಟಲಿಗೆ ನೇರವಾಗಿ ಒಂದು ಗೋಲಿಗಾತ್ರದ ಕಲ್ಲು. ಹಾಳೆ ಎಳೆದು ಕಟ್ಟಿದಂತೆ ಸಪಾಟಾಗಿದ್ದರೆ ಹನಿಗಳು ಕೂತಲ್ಲೇ ಕೂರುತ್ತವೆ. ಕಲ್ಲಿನ ಭಾರಕ್ಕೆ ನಾಲ್ಕು ಬೆರಳು ತಗ್ಗಿರಬೇಕು, ಆದರೆ ಬಟ್ಟಲಿಗೆ ತಾಗಬಾರದು. ದಾರದ ಸುತ್ತ ಸಂದು ಇದ್ದರೆ ಆವಿ ಹೊರಟು ಹೋಗುತ್ತದೆ, ಮೈದಾಹಿಟ್ಟಿನ ಕಣಕ ಮೆತ್ತಿ. ಆಗಾಗ ಹಾಳೆ ಎತ್ತಿ ಇಣುಕುವುದು ನಿಷಿದ್ಧ, ಒಂದೊಂದು ಸಲ ಎತ್ತಿದಾಗಲೂ ಒಳಗೆ ಕೂಡಿದ್ದ ಆವಿಯೆಲ್ಲ ಹೋಗಿ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಬೆಳಗ್ಗೆ ಹತ್ತರಿಂದ ಮೂರರವರೆಗೆ ಅರ್ಧ ಲೋಟ ಸಿಕ್ಕರೆ ಚೆನ್ನಾಗಿ ನಡೆಯಿತು ಎಂದರ್ಥ.

ಬೋಗುಣಿಯಲ್ಲಿ ಉಳಿದ ನೀರನ್ನು ಚೆಲ್ಲಬೇಡಿ. ಹಾಳೆ ತೆಗೆದು ಪೂರ್ತಿ ಒಣಗಲು ಬಿಟ್ಟರೆ ಲೀಟರಿಗೆ 35 ಗ್ರಾಂ ಆಸುಪಾಸು ಉಪ್ಪು ಉಳಿಯುತ್ತದೆ. ತೂಗುವುದಿದ್ದರೆ ಬಿಸಿಲಿನ ಮಧ್ಯಾಹ್ನವೇ ತೂಗಿ. ಆರ್ದ್ರತೆ ಶೇ. 75 ದಾಟಿದರೆ ಉಪ್ಪಿನ ಮೈಗೆ ಬರುವ ನೀರು ಹೋಗುವುದಕ್ಕಿಂತ ಹೆಚ್ಚಾಗಿ ಅದು ತಾನೇ ಒದ್ದೆಯಾಗುತ್ತದೆ, ತೂಕ ತಪ್ಪುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಲವಣಗಳೂ ಇರುವುದರಿಂದ ಅದಕ್ಕಿಂತ ಮೊದಲೇ ಜಿಗುಟಾಗತೊಡಗುತ್ತದೆ.